ಹಸಿರು ಮೇಲಂಗಿಯವನ ಆರನೇ ಕ್ಲಿಕ್ಕು

ಜನವರಿ ೫, ಭಾನುವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಬಿಳಿಗೆರೆಯ ನಮ್ಮ ಮನೆಯ ನಡುಮನೆಯಲ್ಲಿ ನನ್ನ ಮೊದಲ ಆಟ ಶುರುವಾಯಿತು. ಐದು ಗಂಟೆ ಐದಕ್ಕೆ ಮುಗಿಯಿತು. ಸೋತೆ.

ಆಟ ತಂದವಳು ಶೆಟ್ಟಿಕೆರೆಯ ನನ್ನ ಗೆಳತಿ. ತಿಪಟೂರಿನ ಕಾಲೇಜಿನಲ್ಲಿ ಮೂರು ವರ್ಷದಿಂದ ನಮ್ಮಿಬ್ಬರದೂ ಒಂದೇ ಬೆಂಚು. ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿ ಹಾಸಿ ಹದಿನಾಲ್ಕು ಬೊಂಬೆಗಳನ್ನು ಮಲಗಿಸಿಕೊಂಡು ಬಂದಿದ್ದಳು. ಹೆಬ್ಬೆರಳಿಗಿಂತ ಕೊಂಚ ದಪ್ಪವಾದ ಸೂಪರ್‌ಹೀರೋಗಳು. ಒಬ್ಬೊಬ್ಬರ ಕಾಲಡಿಯೂ ದುಂಡನೆಯ ಕಪ್ಪು ತಳ, ತಳಕ್ಕೊಂದು ಪುಟ್ಟ ಕಿಟಕಿ, ಕಿಟಕಿಯೊಳಗೆ ನಾಲ್ಕು ಅಂಕಿ. ಎಷ್ಟು ಚೌಕ ನಡೆಯಬಹುದು, ಎಷ್ಟು ಜೋರಾಗಿ ಎರಗಬಹುದು, ಎಷ್ಟು ತಡೆದುಕೊಳ್ಳಬಹುದು, ತಗುಲಿದರೆ ಎಷ್ಟು ಪೆಟ್ಟು ಕೊಡಬಹುದು. ಎರಡು ದಾಳ ಹಾಕಿ, ಬಿದ್ದ ಮೊತ್ತಕ್ಕೆ ಎರಗುವ ಅಂಕಿ ಕೂಡಿಸಬೇಕು. ಅದು ಎದುರಾಳಿಯ ತಡೆಯುವ ಅಂಕಿಯನ್ನು ಮುಟ್ಟಿದರೆ ಪೆಟ್ಟು ಬಿತ್ತು. ಪೆಟ್ಟು ತಿಂದವನ ತಳವನ್ನು ಒಂದೊಂದೇ ಸಲ ತಿರುಗಿಸಬೇಕು. ಕ್ಲಿಕ್ ಎನ್ನುತ್ತದೆ, ಕಿಟಕಿಯಲ್ಲಿ ಬೇರೆ ನಾಲ್ಕು ಅಂಕಿ ಬರುತ್ತವೆ. ಹೆಚ್ಚಾಗಿ ಹಿಂದಿನವಕ್ಕಿಂತ ಸಣ್ಣವು.

ಒಬ್ಬನನ್ನೇ ಎರಡು ಸರದಿ ಬಿಡದೆ ಓಡಾಡಿಸಿದರೆ ಅವನು ದಣಿದು ತಾನೇ ಒಂದು ಕ್ಲಿಕ್ಕು ಇಳಿಯುತ್ತಾನೆ. ಮೊದಲ ದಿನ ಈ ತಪ್ಪನ್ನು ನಾಲ್ಕು ಸಲ ಮಾಡಿದೆ.

"ಅವ್ನಿಗೂ ಸುಸ್ತಾಗಲ್ವೇನೇ? ಸ್ವಲ್ಪ ಕೂರ್ಸೇ ಅವ್ನ," ಎಂದಳು ಗೆಳತಿ.

ಸಂಕ್ರಾಂತಿಯವರೆಗೆ ಕಲಿ ಎಂದು ಡಬ್ಬಿಯನ್ನು ನನ್ನ ಬಳಿಯೇ ಬಿಟ್ಟುಹೋದಳು. ಹೋಗುವಾಗ ಹಸಿರು ಮೇಲಂಗಿಯವನನ್ನು ಮಾತ್ರ ಎತ್ತಿ ತೋರಿಸಿದಳು. ಅವನು ಅವಳ ಅಣ್ಣನ ಬೊಂಬೆ. ಅಣ್ಣ ಕೊಬ್ಬರಿ ಲಾರಿ ಓಡಿಸುತ್ತಾನೆ. ಉತ್ತರದ ಊರುಗಳಿಗೆ ಲೋಡು ಇಳಿಸಿ ಬರುವಾಗ ಅಲ್ಲಿಯ ಅಂಗಡಿಗಳಲ್ಲಿ ಹುಡುಕಿ ಇವನ್ನೆಲ್ಲ ತಂದವನು ಅವನೇ. ಹಸಿರು ಮೇಲಂಗಿಯವನು ಎರಡು ವರ್ಷ ಲಾರಿಯ ಗಾಜಿನ ಮುಂದೆ ನಿಂತು ದೇಶ ಸುತ್ತಿದ್ದನಂತೆ. ಒಮ್ಮೆ ಬ್ರೇಕು ಹಾಕಿದಾಗ ಬಿದ್ದು ತಳ ಮುರಿಯಿತು. ಅಣ್ಣ ಬೇರೆ ಯಾವುದೋ ಬೊಂಬೆಯ ತಳ ತಂದು ಅಂಟಿಸಿದ. ಹಬ್ಬಕ್ಕೆ ಬಂದಾಗ ಅಣ್ಣತಂಗಿ ಆಡುವ ಆಟದಲ್ಲಿ ಅಣ್ಣನ ಕಡೆ ಅವನೇ ದೊಡ್ಡವನು.

"ಇವ್ನೊಬ್ನ ಜೋಪಾನ ಕಣೇ."

ಆಮೇಲಿನ ಮೂರು ದಿನ ಚಿಕ್ಕಪ್ಪನ ಜೊತೆ ಆಡಿದೆ. ಒಟ್ಟು ಐದು ಆಟ. ಚಿಕ್ಕಪ್ಪ ಮೂರು, ನಾನು ಎರಡು. ಚಿಕ್ಕಪ್ಪ ಕೊಬ್ಬರಿಯಾಗಲೆಂದು ಅಟ್ಟದ ಮೇಲಿಟ್ಟ ತೆಂಗಿನಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವವರು. ಪ್ರತಿ ಬೊಂಬೆಯನ್ನೂ ಹಾಗೇ ಕಿವಿಗೆ ಹಿಡಿದು ಅಲ್ಲಾಡಿಸಿದರು.

"ಸದ್ದೇ ಇಲ್ಲ. ಇನ್ನೂ ಹಸಿ ಕಣವ್ವ, ಆರು ತಿಂಗ್ಳು ಅಟ್ಟದ ಮೇಲಿಕ್ಕು."

ಹಸಿರು ಮೇಲಂಗಿಯವನ ತಳ ಮೊದಲಿಂದಲೂ ಬಿಗಿ. ಜನವರಿ ೮, ಬುಧವಾರ ಸಂಜೆ ಅದನ್ನು ತಿರುಗಿಸಲು ಹೋಗಿ ನನ್ನ ಉಗುರು ಕಿತ್ತುಬಂತು. ನಮ್ಮ ಮನೆಯಲ್ಲಿ ಬೀಗ ಬಿಗಿಯಾದರೂ, ಹೊಲಿಗೆ ಯಂತ್ರ ಕಿರುಗುಟ್ಟಿದರೂ, ಬಾಗಿಲು ಹಿಡಿದುಕೊಂಡರೂ ಒಂದೇ ಮದ್ದು. ಅಮ್ಮ ಅಡುಗೆಮನೆಯಿಂದಲೇ ಹೇಳಿದರು: "ಒಂದ್ ತೊಟ್ಟು ಎಣ್ಣೆ ಬುಡು, ಸರಿ ಹೋಯ್ತದೆ." ಕಿಟಕಿಯ ಸಂದಿಯಲ್ಲಿ ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟೆ. ತಳ ಬೆಣ್ಣೆಯ ಹಾಗೆ ತಿರುಗಿತು. ಆ ಆಟ ನಾನು ಗೆದ್ದೆ. ಮುಗಿದಾಗ ಅವನು ಏಳನೇ ಕ್ಲಿಕ್ಕಿನಲ್ಲಿದ್ದ. ಹಾಗೇ ಡಬ್ಬಿಯಲ್ಲಿಟ್ಟೆ.

ಮರುದಿನ ಬೆಳಿಗ್ಗೆ ಆರೂ ನಲವತ್ತಕ್ಕೆ ತೆಗೆದು ನೋಡಿದೆ. ಜನವರಿಯ ಬೆಳಗಿನಲ್ಲಿ ನಮ್ಮ ಮನೆಯ ಎಣ್ಣೆಯ ಬಾಟಲಿ ಒಲೆಯ ಪಕ್ಕ ಕೂತಿರುತ್ತದೆ, ಇಲ್ಲದಿದ್ದರೆ ತಲೆಗೆ ಹಚ್ಚಲು ಕಡ್ಡಿಯಿಂದ ಕೆರೆದು ತೆಗೆಯಬೇಕು. ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ಸಂಜೆ ಅದು ನೆನಪಿಗೆ ಬರಲಿಲ್ಲ. ಕಿಟಕಿಯೊಳಗೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಬಿಸಿಲಿಗೆ ಐದು ನಿಮಿಷ ಇಟ್ಟಿದ್ದರೆ ಸಾಕಿತ್ತು. ನಾನು ಬಲವಾಗಿ ತಿರುಚಿದೆ. ಅಂಕಿ ಅಚ್ಚು ಹಾಕಿದ್ದ ಕಾಗದ ಎಣ್ಣೆಯಲ್ಲಿ ನೆಂದು ಕಿಟಕಿಗೆ ಅಂಟಿಕೊಂಡಿತ್ತು. ಕಿತ್ತು ಬಂತು. ಆರು, ಏಳು, ಎಂಟನೇ ಕ್ಲಿಕ್ಕಿನ ಅಂಕಿಗಳು ಮುದ್ದೆಯಾದವು. ಒಂದರಿಂದ ಐದು ಉಳಿದಿವೆ. ಒಂಬತ್ತರಿಂದ ಮುಂದೆ ಅಂಕಿಯೇ ಇಲ್ಲ, ಅಲ್ಲಿಗೆ ಬಂದವನು ಆಟದಿಂದ ಹೊರಗೆ.

ಶುಕ್ರವಾರ ಕಾಲೇಜಿನಲ್ಲಿ ಗೆಳತಿಯ ಪಕ್ಕ ಕೂತೆ, ಹೇಳಲಿಲ್ಲ. ಸೋಮವಾರವೂ ಹೇಳಲಿಲ್ಲ.

ಜನವರಿ ೧೪, ಮಂಗಳವಾರ, ಸಂಕ್ರಾಂತಿ. ಎಳ್ಳುಬೆಲ್ಲದ ಪೊಟ್ಟಣ ಮತ್ತು ಬಿಸ್ಕತ್ತಿನ ಡಬ್ಬಿ ಹಿಡಿದು ಹನ್ನೊಂದೂವರೆಗೆ ಶೆಟ್ಟಿಕೆರೆಯಲ್ಲಿ ಬಸ್ಸಿಳಿದೆ. ಜಗಲಿಯ ಮೇಲೆ ಆಟದ ಚೌಕಗಳ ಹಾಳೆ ಆಗಲೇ ಹಾಸಿತ್ತು. ಅಣ್ಣ ತನ್ನ ಕಡೆಯವರಿಗೆ ಜಾಗ ಬಿಟ್ಟುಕೊಂಡು ಕೂತಿದ್ದ. ನಾನು ಹಸಿರು ಮೇಲಂಗಿಯವನನ್ನು ಅವನ ಕೈಗಿಟ್ಟು, ನಡೆದದ್ದನ್ನು ಮೊದಲಿಂದ ಹೇಳಿದೆ.

ಅವನು ತಳವನ್ನು ಮೂಗಿನ ಹತ್ತಿರ ಹಿಡಿದ. "ಕೊಬ್ರಿ ಎಣ್ಣೆ?"

"ಹೂಂ ಅಣ್ಣ."

"ಜನವರೀಲಿ?"

ಗೆಳತಿ ನಡುವೆ ಬಾಯಿ ಹಾಕಿದಳು. "ಎರಡ್ ದಿನ ಪಕ್ಕದಲ್ಲೇ ಕೂತಿದ್ಯಲ್ಲೇ. ನನ್ ಡಬ್ಬೀಲಿ ಚಪಾತಿನೂ ತಿಂದೆ. ಬಾಯಿಗೆ ಏನಾಗಿತ್ತು?"

"ಬುಡೇ, ಹಬ್ಬದ ದಿನ," ಎಂದ ಅಣ್ಣ. ಆದರೆ ನನ್ನ ಕಡೆ ನೋಡಲಿಲ್ಲ. ಕಿಟಕಿಯನ್ನೇ ನೋಡುತ್ತ ಒಂದೊಂದೇ ಕ್ಲಿಕ್ಕು ತಿರುಗಿಸಿದ. ಆರಕ್ಕೆ ಬಂದಾಗ ನಿಲ್ಲಿಸಿದ. "ಆರರಲ್ಲಿ ಎರಗೋದು ಒಂಬತ್ತಿತ್ತು."

"ಎಂಟು ಕಣೋ. ಹೋದ್ ಸಲ ಎಂಟು ಅಂತಾನೇ ನಾನು ಗೆದ್ದಿದ್ದು."

"ನೀನ್ ಗೆದ್ದಿದ್ದು ಸುಳ್ಳು ಲೆಕ್ಕ ಹೇಳಿ."

ಇಬ್ಬರ ನೆನಪೂ ಒಂದಕ್ಕೊಂದು ಕೂಡಲಿಲ್ಲ. ಆಟದ ಲೆಕ್ಕಕ್ಕೆಂದು ಇಟ್ಟ ನನ್ನ ಪುಸ್ತಕದಲ್ಲಿ ಗೆಲುವು ಸೋಲು ಬರೆದಿದ್ದೆ, ಕ್ಲಿಕ್ಕಿನ ಅಂಕಿ ಬರೆದಿರಲಿಲ್ಲ. ಕೊನೆಗೆ ಆರಕ್ಕೆ ಇಳಿದರೆ ಹಸಿರು ಮೇಲಂಗಿಯವನು ಆಟದಿಂದ ಹೊರಗೆ ಎಂದು ಒಪ್ಪಿ ಆಡಿದರು. ನಾನು ದಾಳದ ಮೊತ್ತ ಬರೆದುಕೊಂಡೆ. ಐದನೇ ಕ್ಲಿಕ್ಕಿಗೆ ಬಂದ ಮೇಲೆ ಅಣ್ಣ ಅವನನ್ನು ಗೋಡೆಯ ಮೂಲೆಯ ಚೌಕಕ್ಕೆ ಸರಿಸಿದ, ಮತ್ತೆ ಮುಟ್ಟಲಿಲ್ಲ. ಅಣ್ಣನ ಕಡೆಯ ಉಳಿದವರು ಒಬ್ಬೊಬ್ಬರಾಗಿ ಹೋದರು.

"ಅವ್ನ ಕರ್ಕೊಂಡ್ ಬಾರೋ, ಸುಮ್ನೆ ನಿಲ್ಸಿದ್ಯಲ್ಲ," ಎಂದು ತಂಗಿಯೇ ಕೇಳಿದಳು.

"ಆರಕ್ಕೆ ಇಳ್ಸೋದು ಬ್ಯಾಡ. ನಾನೇ ಸೋತೆ ಅಂತ ಬರ್ಕೊ," ಎಂದ.

ಬರೆದುಕೊಂಡೆ. ಗುರುವಾರ ಬೆಳಿಗ್ಗೆ ಅಣ್ಣ ಲೋಡಿಗೆ ಹೊರಟ. ಯುಗಾದಿಗೆ ಬರುತ್ತಾನೆ. ಹಸಿರು ಮೇಲಂಗಿಯವನನ್ನು ಲಾರಿಗೆ ಒಯ್ಯದೆ ನನ್ನ ಬಳಿಯೇ ಬಿಟ್ಟುಹೋಗಿದ್ದಾನೆ, ಸರಿ ಮಾಡಿಸು ಎಂದು.

ಅಂತರ್ಜಾಲದಲ್ಲಿ ಎರಡು ವಾರ ಹುಡುಕಿದೆ. ಅಂಥದೇ ಬೊಂಬೆ ಸಿಕ್ಕಿತು, ಆದರೆ ನಮ್ಮವನಿಗೆ ಅಂಟಿಸಿದ ತಳ ಅವನದಲ್ಲ. ತಳದ ಮೇಲಿನ ಹೆಸರು ಲಾರಿಯ ಬಿಸಿಲಿಗೆ ಅಳಿಸಿಹೋಗಿದೆ. ಉಳಿದಿರುವ ಗುರುತು ಇಷ್ಟೇ: ಕಪ್ಪು ತಳ, ಸುತ್ತಲೂ ಹಳದಿ ಗೆರೆ, ಮೊದಲ ಕ್ಲಿಕ್ಕಿನಲ್ಲಿ ಎಂಟು, ಹತ್ತು, ಹದಿನೇಳು, ಮೂರು; ಐದನೆಯದರಲ್ಲಿ ಏಳು, ಒಂಬತ್ತು, ಹದಿನೈದು, ಎರಡು. ಇಂಥ ತಳವಿರುವ ಬೊಂಬೆ ಯಾರ ಬಳಿಯಾದರೂ ಇದ್ದರೆ, ಅಥವಾ ಇಂಥ ಆಟ ಆಡಿ ಬಲ್ಲವರಿದ್ದರೆ, ಆರು, ಏಳು, ಎಂಟನೇ ಕ್ಲಿಕ್ಕಿನಲ್ಲಿ ಏನಿದೆ ಎಂದು ನೋಡಿ ದಯವಿಟ್ಟು ನನಗೆ ಬರೆಯಿರಿ. ಮೂರೂ ಬೇಡ, ಆರನೆಯದೊಂದೇ ಗೊತ್ತಿದ್ದರೂ ಬರೆಯಿರಿ.