ಗಾಡಿ ಓಡಾಡದ ದಾರಿ

ಮೊದಲು ಖಚಿತವಾಗಿ ಗೊತ್ತಿರುವುದನ್ನು ಬರೆದುಬಿಡುತ್ತೇನೆ, ಅದು ಕಡಿಮೆ ಇದೆ. ನನಗೆ ನಲವತ್ತೆಂಟು ವರ್ಷ. ಮನೆ ಗುಂಡ್ಲುಪೇಟೆಯಲ್ಲಿ, ಕೆಲಸ ಚಾಮರಾಜನಗರದಲ್ಲಿ. ಎರಡು ವರ್ಷದ ಹಿಂದೆ ದಪ್ಪ ಟೈರಿನ ಸೈಕಲ್ ಒಂದನ್ನು ಕೊಂಡೆ. ಕೊಂಡದ್ದು ಫ್ರಾನ್ಸಿನ ಗುಡ್ಡಗಾಡಿನ ವಿಡಿಯೊಗಳನ್ನು ನೋಡಿ: ಬಿಳಿ ಜಲ್ಲಿಯ ದಾರಿ, ಎರಡೂ ಕಡೆ ಹುಲ್ಲು, ಏರು, ಇಳಿಜಾರು, ಮತ್ತೆ ಏರು, ಗಂಟೆಗಟ್ಟಲೆ ಒಂದೂ ವಾಹನವಿಲ್ಲ. ಕವಲು ಬಂದಲ್ಲೆಲ್ಲ ಸೈಕಲ್ಲಿನವರು ಯಾವ ಕಡೆ ತಿರುಗಬೇಕೆಂದು ತೋರಿಸುವ ಪುಟ್ಟ ಫಲಕ. ನನ್ನ ಮನೆಯ ಮುಂದೆ ಕೇರಳಕ್ಕೆ ಈರುಳ್ಳಿ, ಎಲೆಕೋಸು ಹೊತ್ತ ಲಾರಿಗಳು. ಹೆದ್ದಾರಿಯಲ್ಲಿ ಒಮ್ಮೆ ಲಾರಿಯ ಗಾಳಿಗೇ ಚರಂಡಿಗೆ ಬಿದ್ದಿದ್ದೆ. ಬಿದ್ದೆನೋ, ಹೆದರಿ ನಾನೇ ಇಳಿದೆನೋ. ಹೇಳುವಾಗ ಬಿದ್ದೆ ಎನ್ನುತ್ತೇನೆ.

ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗೆ ಟಾರು ಮುಟ್ಟದೆ ಹೋಗಬೇಕು. ಈ ಹುಚ್ಚು ಯಾವಾಗ ಹತ್ತಿತೋ, ಹತ್ತಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಭಾನುವಾರ ಬೆಳಕು ಹರಿಯುವ ಮುಂಚೆ ಎದ್ದು, ಕೆರೆ ಏರಿ ಹಿಡಿದು, ಕಲ್ಲುಕ್ವಾರಿಯ ಗರಸಿನ ರಸ್ತೆ ಹಿಡಿದು, ಮೇಕೆಗಳು ಮಾಡಿದ ಸವೆದ ಗೆರೆ ಹಿಡಿದು ಹೊರಡುತ್ತಿದ್ದೆ. ದಾರಿ ತಪ್ಪಿದರೆ ಸಿಟ್ಟು ಬರುತ್ತಿತ್ತು, ತಪ್ಪದಿದ್ದರೆ ಬೇಸರ. ಇಲ್ಲಿ ಫಲಕಗಳಿಲ್ಲ, ಕೇಳಬೇಕು. ಕೇಳಿದರೆ ಉತ್ತರದ ಬದಲು ಪ್ರಶ್ನೆ ಬರುತ್ತದೆ.

"ಯಾವೂರ್ಗವ್ವ?" ಕಳೆ ಕೀಳುತ್ತಿದ್ದ ಹೆಂಗಸರಲ್ಲಿ ಒಬ್ಬಳು ಕೇಳಿದ್ದಳು.

"ಯಾವೂರಿಗೂ ಇಲ್ಲ. ಸುಮ್ಮನೆ."

"ಸುಮ್ನೆ ಓಗಕೆ ಇಷ್ಟು ಬೆವರಾ? ಬಾ ಕಣವ್ವ, ಇಲ್ಲಿ ಕಳೆ ಕೀಳು. ಅದೂ ಸುಮ್ನೇಯಾ."

ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಬರೆಯಬೇಕು. ನಕ್ಕೆನೋ ಇಲ್ಲವೋ ತಿಳಿಯದು.

ತೆರಕಣಾಂಬಿ ದಾಟಿದ ಮೇಲೆ ಒಂದು ಕಡೆ ನನ್ನ ದಾರಿ ತುಂಡಾಗುತ್ತಿತ್ತು. ಈಚೆಗೊಂದು ಗರಸಿನ ರಸ್ತೆ, ಆಚೆಗೊಂದು ಮಣ್ಣಿನ ಕಾಲುದಾರಿ, ನಡುವೆ ಇನ್ನೂರು ಮೀಟರ್ ಹೊಲ. ಇದನ್ನು ದಾಟಿದರೆ ಇಡೀ ದಾರಿ ಕೂಡಿಕೊಳ್ಳುತ್ತದೆ, ಇಲ್ಲವಾದರೆ ಆರು ಕಿಲೋಮೀಟರ್ ಟಾರು ಸುತ್ತಬೇಕು. ಹೊಲ ಅರವತ್ತರ ಆಸುಪಾಸಿನ ಒಬ್ಬ ಹೆಂಗಸಿನದು. ಇಪ್ಪತ್ತೈದು ಗುಂಟೆ, ರಿಬ್ಬನ್ನಿನ ಹಾಗೆ ಉದ್ದ, ನಲವತ್ತಡಿ ಅಗಲ, ತುಂಬ ಚೆಂಡು ಹೂ. ಅಂಚಿನ ಬದುವಿನ ಮೇಲೆ ಹೋಗಬಹುದೇ ಎಂದು ಕೇಳಿದೆ.

"ಸೈಕಲ್ ತಾನೆ, ಓಗು. ಗಿಡ ತುಳೀಬ್ಯಾಡ ಅಷ್ಟೆ."

ಅವಳ ಹೊಲದ ಹಿಂದೆ ಒಬ್ಬ ರೈತನ ಅರಿಶಿನದ ಹೊಲ. ಅವನ ಹೊಲಕ್ಕೆ ಗಾಡಿ ಹೋಗುವ ದಾರಿಯಿಲ್ಲ. ಗೊಬ್ಬರ ಒಳಗೆ ಹೋಗುವುದೂ ಅರಿಶಿನ ಹೊರಗೆ ಬರುವುದೂ ಇದೇ ಬದುವಿನ ಮೇಲೆ, ತಲೆಯ ಮೇಲೆ. ಮೊದಲ ದಿನವೇ ಅವನ ಬೋರಿನ ನೀರು ಕುಡಿದೆ. ಅವನು ಸೈಕಲ್ಲನ್ನು ಎತ್ತಿ ನೋಡಿ, "ಇದೇನವ್ವ, ಕೋಳಿ ಪಿಳ್ಳೆ ಇದ್ದಂಗದೆ. ಒಂದ್ ಮೂಟೆ ಕಟ್ಲಾ?" ಎಂದ. ಆಗ, ನೀರು ತಣ್ಣಗಿತ್ತು, ಅವನು ಒಳ್ಳೆಯವನಾಗಿ ಕಂಡ, ನಾನೊಂದು ಮಾತು ಹೇಳಿದೆ. ಚಿಕ್ಕವಳಿದ್ದಾಗ ನನ್ನ ಸೋದರಮಾವ ಸೈಕಲ್ಲಿನ ಬಾರಿನ ಮೇಲೆ ಟವೆಲ್ ಸುತ್ತಿ, ನನ್ನನ್ನು ಕೂರಿಸಿಕೊಂಡು ಇಲ್ಲೇ ಬಂದಿದ್ದರು ಎಂದೆ. ಆಗ ಇದು ಬಂಡಿ ಜಾಡಾಗಿತ್ತು ಎಂದೆ.

ಆ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ತಪ್ಪು ಮಾಡಿದ್ದು ನಾನು, ಅದೂ ಖಚಿತ. ನನ್ನ ಫೋನು ನಾನು ಹೋದಲ್ಲೆಲ್ಲ ಗೆರೆ ಎಳೆಯುತ್ತದೆ. ಎರಡು ಊರನ್ನು ಕೂಡಿಸಿದ ಆ ಪೂರ್ತಿ ಗೆರೆಯನ್ನು ನೋಡಿ ನೋಡಿ ಸಾಕಾಗದೆ, ಮೈಸೂರಿನ ಸೈಕಲ್ ಗೆಳೆಯರಿಗೆ ಕಳಿಸಿದೆ. "ವಾಹನಗಳೇ ಇಲ್ಲದ ದಾರಿ" ಎಂದು ತಲೆಬರಹ ಕೊಟ್ಟೆ. ಒಂದು ಭಾನುವಾರ ಹನ್ನೊಂದು ಜನ ಬಂದರು. ಹಿಂದಿನ ದಿನ ಮಳೆಯಾಗಿತ್ತು. ಬದು ಕುಸಿಯಿತು. ಕುಸಿದಲ್ಲಿ ಹಿಂದಿನವರು ಹೊಲಕ್ಕಿಳಿದರು, ಒಬ್ಬರ ಚಕ್ರದ ಗುರುತಿನ ಮೇಲೆ ಇನ್ನೊಬ್ಬರು. ಅವತ್ತು ನಾನಿರಲಿಲ್ಲ. ಮೂರು ದಿನ ಬಿಟ್ಟು ಹೋದಾಗ, ಒಣಗಿದ ಮಣ್ಣಿನಲ್ಲಿ ಈ ತುದಿಯಿಂದ ಆ ತುದಿಗೆ ಚೆಂಡು ಹೂವಿನ ನಡುವೆ ಒಂದು ದಾರಿ ಇತ್ತು. ನೋಡಿದವರು ಅದನ್ನು ದಾರಿಯಲ್ಲ ಎನ್ನುವಂತಿರಲಿಲ್ಲ.

ಅರಿಶಿನದ ರೈತ ಅದರ ಫೋಟೊ ತೆಗೆದು ತಹಶೀಲ್ದಾರರಿಗೆ ಅರ್ಜಿ ಕೊಟ್ಟ: ಇದು ತಾತ ಮುತ್ತಾತನ ಕಾಲದಿಂದ ಎಲ್ಲರೂ ಓಡಾಡಿದ ರೂಢಿ ದಾರಿ, ಹೊಲದಾಕೆ ಉತ್ತು ಮುಚ್ಚಿದ್ದಾಳೆ, ಟ್ರ್ಯಾಕ್ಟರ್ ಹೋಗುವಷ್ಟು ಬಿಡಿಸಿಕೊಡಿ. ಗ್ರಾಮದ ನಕಾಶೆಯಲ್ಲಿ ದಾರಿ ಇಲ್ಲ. ನಕಾಶೆಯಲ್ಲಿ ಇಲ್ಲದ ದಾರಿಗೆ ಜನರ ನೆನಪೇ ಆಧಾರ. ಆದರೆ ಊರಿನಲ್ಲಿ ಎಲ್ಲರೂ ಅವನ ಕಡೆಯವರು, ಇಲ್ಲವೇ ಅವಳ ಕಡೆಯವರು. ಹೊಲವಿಲ್ಲದ, ನೆಂಟಸ್ತಿಕೆಯಿಲ್ಲದ, ಆದರೂ ಹಿಂದೆ ಓಡಾಡಿದ ಸಾಕ್ಷಿ ಒಬ್ಬರು ಬೇಕಾಗಿತ್ತು.

ಅವನು ನಮ್ಮ ಮನೆಗೆ ಬಂದ. "ಅವತ್ತು ನೀನೇ ಏಳಿದ್ದೆ ಕಣವ್ವ, ನಿಮ್ಮಾವ ಇಲ್ಲೇ ಕರ್ಕೊಂಬಂದಿದ್ರು ಅಂತ. ಅಷ್ಟೇಯಾ, ಅದ್ನೇ ಏಳ್ಬುಡು. ಸುಳ್ ಏಳು ಅಂತಿಲ್ಲ."

ಸುಳ್ಳು ಹೇಳು ಎಂದಿದ್ದರೆ ಸುಲಭವಿತ್ತು.

ಆ ವಾರವೆಲ್ಲ ಆ ನೆನಪನ್ನು ಬಿಚ್ಚಿ ಬಿಚ್ಚಿ ನೋಡಿದೆ. ಬಾರು, ಟವೆಲ್, ಮಾವನ ಉಸಿರು, ಇವು ಗಟ್ಟಿ. ಜಾಡಿನ ಎರಡು ಸಾಲು, ನಡುವೆ ಹುಲ್ಲು. ಬೆನ್ನಿಗೆ ಬಿಸಿಲು. ಇಲ್ಲಿಯೇ ಸಿಕ್ಕಿಬಿದ್ದೆ. ಗುಂಡ್ಲುಪೇಟೆಯಿಂದ ಬೆಳಿಗ್ಗೆ ಹೊರಟವರಿಗೆ ಬಿಸಿಲು ಮುಖಕ್ಕೆ ಬಡಿಯಬೇಕು. ಹಾಗಾದರೆ ವಾಪಸು ಬರುತ್ತಿದ್ದೆವೇ? ಅಥವಾ ಅದು ಹರದನಹಳ್ಳಿ ಕಡೆಯ ಬೇರೊಂದು ಜಾಡೇ? ನಡುವೆ ಹುಲ್ಲಿರುವ ಎರಡು ಸಾಲು ಆ ಫ್ರೆಂಚ್ ವಿಡಿಯೊಗಳಲ್ಲೂ ಇದೆ. ಮಾವ ಈಗಿಲ್ಲ. ಅಮ್ಮನಿಗೆ ಫೋನು ಮಾಡಿದರೆ, "ಅವನಿಗೆ ಸೈಕಲ್ಲೇ ಬರ್ತಿರ್ಲಿಲ್ಲ, ತಳ್ಕೊಂಡೇ ಓಗೋನು" ಎಂದರು. ಅದನ್ನು ನಂಬುವುದೂ ಕಷ್ಟ. ಅಮ್ಮ ತಮ್ಮನನ್ನು ಯಾವಾಗಲೂ ಹಾಗೆಯೇ ಹಂಗಿಸುವುದು.

ಹೂವಿನ ಹೊಲದಾಕೆಯ ಹತ್ತಿರ ನಾನೇ ಹೋದೆ. ಅವಳು ಬಯ್ಯಲಿಲ್ಲ. ಕುಡುಗೋಲನ್ನು ಕೆಳಗಿಟ್ಟು ಬದುವಿನಿಂದ ಹತ್ತು ಅಡಿ ಹೆಜ್ಜೆ ಹಾಕಿ ನಿಂತಳು.

"ಟ್ಯಾಕ್ಟ್ರಿಗೆ ಇಷ್ಟು ಬೇಕು. ನಲವತ್ರಲ್ಲಿ ಅತ್ತು. ನನ್ ಪೈಪು ಇದ್ರ ತಳಕೇ ಅದೆ. ನೀ ಏನಾರ ಏಳು, ಇದ್ನ ನೋಡ್ಕಂಡು ಏಳು."

"ಹಿಂದೆ ಇಲ್ಲಿ ಜಾಡು ಇತ್ತಾ?"

"ಎಲ್ಲಾ ಕಡೇನೂ ಇತ್ತು ಬುಡವ್ವ. ಬಂಡಿ ಇದ್ದ ಕಾಲ್ದಲ್ಲಿ ಯಾವ ಒಲ್ದಲ್ಲಿ ಇರ್ನಿಲ್ಲ?"

ಇದು ಹೌದೆಂದೋ ಅಲ್ಲವೆಂದೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಸ್ಥಳ ಮಹಜರಿನ ದಿನ ಕಂದಾಯ ಇಲಾಖೆಯಿಂದ ಇಬ್ಬರು ಬಂದರು. ಒಬ್ಬರು ಕೇಳುವವರು, ಒಬ್ಬರು ಬರೆಯುವವರು. ಊರಿನ ಹದಿನೈದು ಇಪ್ಪತ್ತು ಜನ ಬದುವಿನ ಉದ್ದಕ್ಕೂ ನಿಂತಿದ್ದರು. ನನ್ನ ಸರದಿ ಬರುವ ಮೊದಲೇ ನನ್ನ ಹೇಳಿಕೆ ಕಾಗದದಲ್ಲಿ ಮುಕ್ಕಾಲು ಸಿದ್ಧವಾಗಿತ್ತು. ಬರೆಯುವವರು ಓದಿದರು: "ನಾನು ಬಾಲ್ಯದಿಂದಲೂ ಸದರಿ ದಾರಿಯಲ್ಲಿ ಓಡಾಡಿರುವುದು ಸತ್ಯವಿರುತ್ತದೆ."

ಎಷ್ಟು ಚೆನ್ನಾಗಿತ್ತು ಆ ವಾಕ್ಯ. ಬಿಸಿಲು ಯಾವ ಕಡೆಯಿಂದ ಬಿತ್ತು ಎಂಬ ತೊಡಕೇ ಅದಕ್ಕಿರಲಿಲ್ಲ.

"ಹಾಗೆ ಬೇಡ. ಒಂದು ಸಲ ಬಂದಂತೆ ನೆನಪು, ಖಚಿತವಿಲ್ಲ ಅಂತ ಬರೀರಿ."

"ಖಚಿತವಿಲ್ಲ ಅಂದ್ರೆ ಅದು ಹೇಳಿಕೆ ಆಗಲ್ಲ ಮೇಡಂ. ಹೌದಾ, ಅಲ್ವಾ?"

"ಖಚಿತವಾಗಿ ಗೊತ್ತಿರೋದು ಒಂದೇ. ಈ ಚಕ್ರದ ಗುರುತು ಹಳೇದಲ್ಲ. ನನ್ನಿಂದ ಬಂದ ಹನ್ನೊಂದು ಜನ ಮಾಡಿದ್ದು. ಅದಕ್ಕೂ ಮುಂಚೆ ನಾನು ಬದುವಿನ ಮೇಲೆ ಹೋಗ್ತಿದ್ದೆ, ಈಕೆಯನ್ನ ಕೇಳಿಕೊಂಡು."

ಬರೆಯುವವರು ಹಳೆಯ ವಾಕ್ಯವನ್ನು ಹೊಡೆದುಹಾಕಿ ಇದನ್ನು ಬರೆದರು. ಅರಿಶಿನದ ರೈತ ಮುಂದೆ ಬಂದ. ಕೂಗಲಿಲ್ಲ.

"ಅಂಗಾರೆ ನಿನ್ ಸೈಕಲ್ಗೆ ದಾರಿ, ನಮ್ ಗಾಡಿಗೆ ಇಲ್ಲ. ಗಾಡಿ ಓಡಾಡ್ದೇ ಇರೋ ಜಾಗ ಉಡುಕ್ಕಂಡು ಅಷ್ಟು ದೂರದಿಂದ ಬತ್ತೀಯಲ್ಲವ್ವ, ಗಾಡಿ ಬರ್ನಿಲ್ವಲ್ಲ ಅಂತ ನಾವ್ ಸಾಯ್ತಾ ಇದ್ದೀವಿ ಇಲ್ಲಿ."

"ಸುಮ್ನಿರ್ಲಾ," ಎಂದು ಯಾರೋ ಅವನನ್ನು ಹಿಂದಕ್ಕೆಳೆದರು.

ನಾನು ಸಹಿ ಹಾಕಿದೆ. ಕೈ ನಡುಗಿತು ಎಂದು ಆಮೇಲೆ ಒಬ್ಬ ಗೆಳತಿಗೆ ಹೇಳಿದ್ದೇನೆ. ನಡುಗಿರಲಿಲ್ಲ. ಅದೇ ನನಗೆ ಈಗ ಕಸಿವಿಸಿ.

ರೂಢಿ ದಾರಿ ಇದ್ದ ಬಗ್ಗೆ ಸಾಕಷ್ಟು ಸಾಕ್ಷ್ಯವಿಲ್ಲ ಎಂದು ಅರ್ಜಿ ವಜಾ ಆಯಿತು. ಹೂವಿನ ಹೊಲದಾಕೆ ಬದುವನ್ನು ಎತ್ತರಿಸಿ, ಗರಸಿನ ರಸ್ತೆಯಿಂದ ಬದುವಿನ ಉದ್ದಕ್ಕೂ ಒಂದು ಪಕ್ಕ ಸೀಮೆಜಾಲಿ ಮುಳ್ಳು ಹೊದಿಸಿದಳು. ಒಬ್ಬ ಮನುಷ್ಯ ನಡೆಯುವಷ್ಟು ಮಾತ್ರ ಬಿಟ್ಟಳು. "ನಿನ್ಗಲ್ಲ ಕಣವ್ವ, ನಿನ್ ಇಂದೆ ಬರೋರ್ಗೆ," ಎಂದಳು. ಇನ್ನೊಂದು ಮುಳ್ಳಿನ ಕೊಂಬೆ ಎಳೆದು ಹಾಕಿ, "ನೀನೂ ಬರ್ಬ್ಯಾಡ ಅನ್ನು," ಎಂದಳು. ಆ ಗೆರೆಯನ್ನು ಫೋನಿನಿಂದ ಅಳಿಸಿದೆ. ಮೈಸೂರಿನವರು ಇಟ್ಟುಕೊಂಡಿದ್ದಾರೆ.

ಮಾಘದಲ್ಲಿ ಅರಿಶಿನ ಕೀಳುವ ಹೊತ್ತಿಗೆ ನಾನು ಆ ಕಡೆ ಹೋದೆ, ಟಾರು ರಸ್ತೆ ಸುತ್ತಿಕೊಂಡು. ಏಕೆ ಹೋದೆ ಎಂಬುದಕ್ಕೆ ಕಾರಣ ಕಟ್ಟಿಕೊಡುವುದಿಲ್ಲ. ಭಾನುವಾರ, ಮನೆಯಲ್ಲಿ ಇರಲಾಗಲಿಲ್ಲ, ಅಷ್ಟೆ. ಗರಸಿನ ರಸ್ತೆಯಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ಮೂಟೆ ಹೊತ್ತು ಬರುತ್ತಿದ್ದರು. ಅರಿಶಿನದ ರೈತ ಟ್ರೈಲರಿಗೆ ಮೂಟೆ ಇಳಿಸಿ ನನ್ನನ್ನು ನೋಡಿದ. ಕುತ್ತಿಗೆಯಲ್ಲಿ ಹಳದಿ ಮಣ್ಣು ಬೆವರಿನೊಂದಿಗೆ ಗೆರೆಯಾಗಿ ಇಳಿದಿತ್ತು.

"ಎಷ್ಟನೇ ಸಲ?" ಎಂದು ಕೇಳಿದೆ.

"ಎಣಿಸ್ನಿಲ್ಲ." ಟವೆಲ್ಲಿನಿಂದ ಮುಖ ಒರೆಸಿಕೊಂಡ. "ನೀನ್ ಸುಳ್ ಏಳ್ನಿಲ್ಲ, ಅದ್ ನನ್ಗೊತ್ತು. ಏಳು, ಆವತ್ತು ನೀರ್ ಕುಡ್ಕಂಡು ನನ್ಗೆ ಏಳುದ್ದು ಯಾತ್ಕೆ?"

"ಆಗ ನಿಜ ಅನ್ನಿಸಿತ್ತು."

"ಈಗ?"

ಉತ್ತರಕ್ಕೆ ಅವನು ಕಾಯಲಿಲ್ಲ. ಸಿಂಬೆಯನ್ನು ತಲೆಯ ಮೇಲಿಟ್ಟುಕೊಂಡು ಇನ್ನೊಂದು ಮೂಟೆಗೆ ಹೊರಟ. ಬದುವಿನ ಅರ್ಧದಲ್ಲಿ ಎದುರಿನಿಂದ ಒಬ್ಬ ಹೆಂಗಸು ಮೂಟೆ ಹೊತ್ತು ಬಂದಳು. ಇಬ್ಬರಿಗೆ ಅಲ್ಲಿ ಜಾಗವಿಲ್ಲ. ಒಂದು ಪಕ್ಕ ಮುಳ್ಳು, ಇನ್ನೊಂದು ಪಕ್ಕ ಹೊಸದಾಗಿ ನಾಟಿಯಾದ ಹೂವಿನ ಸಸಿ. ಅವನು ಮುಳ್ಳಿನ ಅಂಚಿಗೆ ಒಂದು ಕಾಲು ಒತ್ತಿ, ಇನ್ನೊಂದನ್ನು ಸಸಿಗಳ ಮೇಲೆ ಊರದೆ ಗಾಳಿಯಲ್ಲಿ ಎತ್ತಿ ಹಿಡಿದು, ಅವಳು ದಾಟುವವರೆಗೆ ಒಂಟಿ ಕಾಲಲ್ಲಿ ನಿಂತ.