ವೈನಿಯ ಕರಿ ಚಡ್ಡಿ

ಕಳೆದ ವಾರ ಲಿಫ್ಟಿನಲ್ಲಿ, ಈಜಿ ಬಂದ ಯಾವುದೋ ಹುಡುಗಿಯ ಒದ್ದೆ ಕೂದಲಿನಿಂದ ಕ್ಲೋರಿನ್ ವಾಸನೆ ಬಂತು. ನನ್ನ ಮಾಳಿಗೆ ಬಂದದ್ದೂ ತಿಳಿಯಲಿಲ್ಲ… ಹಿಂದೆ ಮೇಲಿನ ಮನೆಯಲ್ಲಿದ್ದ, ನನಗೆ ಅತ್ತಿಗೆಯಂತಿದ್ದ ವೈನಿ ನೆನಪಾದರು.

ಆಗ ನಾವು ಮರಾಠಿ ಸೀಮೆಯ ಹಡಪಸರದಲ್ಲಿದ್ದೆವು. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ವೈನಿ ವಿಜಾಪುರದ ಕಡೆಯವರು, ಬ್ಯಾಂಕಿನಲ್ಲಿ ಕ್ಲರ್ಕ್. ನಲವತ್ತರ ಹತ್ತಿರ ಬಂದಾಗ ಈಜು ಕಲಿತರು. ಆಮೇಲೆ ಈಜು, ಸೈಕಲ್ಲು, ಓಟ ಮೂರನ್ನೂ ಬೆನ್ನುಬೆನ್ನಿಗೆ ಮುಗಿಸುವ ಟ್ರಯಥ್ಲಾನಿಗೆ ಹೆಸರು ಕೊಟ್ಟು ಬಂದರು. ಅವರ ಅತ್ತೆಗೆ ಇದು ಕಿಂಚಿತ್ತೂ ಸೇರುತ್ತಿರಲಿಲ್ಲ. ಹಾಗಾಗಿ ತಯಾರಿಯೆಲ್ಲ ನಮ್ಮ ಮನೆಯಲ್ಲಿ.

ದೊಡ್ಡ ಪೇಚು ಬಟ್ಟೆಯದು. ನಡುವೆ ಬದಲಾಯಿಸಿಕೊಳ್ಳಲು ಹೆಂಗಸರಿಗೆ ಮರೆ ಇರುವುದಿಲ್ಲ, ಒಂದೇ ಬಟ್ಟೆ ಮೂರಕ್ಕೂ ಆಗಬೇಕು. ಕಾಟನ್ ನೀರು ಕುಡಿದು ಭಾರವಾಗುತ್ತಿತ್ತು. ಸೈಕಲ್ಲಿನವರ ದಪ್ಪ ಪ್ಯಾಡಿನ ಚಡ್ಡಿ ಸ್ಪಂಜಿನಂತೆ ನೀರು ಹಿಡಿಯುತ್ತಿತ್ತು. ಲಕ್ಷ್ಮೀ ರೋಡಿನ ಅಂಗಡಿಯವನು "ಲೇಡೀಜ್ ಸಾಠೀ ಕಾಹೀ ನಾಹೀ" ಎಂದು ಮುಖ ತಿರುಗಿಸಿದ, ಹೆಂಗಸರಿಗೆ ಏನೂ ಇಲ್ಲವಂತೆ. ಕೊನೆಗೆ ಗಂಡಸರದ್ದರಲ್ಲೇ ಎಲ್ಲಕ್ಕಿಂತ ಚಿಕ್ಕದು, ಮೊಣಕಾಲಿನವರೆಗಿನ ಕರಿ ಬಿಗಿ ಚಡ್ಡಿ ಸಿಕ್ಕಿತು. ನಮ್ಮ ಬಚ್ಚಲಲ್ಲಿ ಅದನ್ನು ಹಾಕಿಕೊಂಡು ಎರಡು ಬಕೆಟ್ ನೀರು ಸುರುವಿಕೊಂಡರು, ತೊಟ್ಟಿಕ್ಕುತ್ತಲೇ ಗ್ಯಾಲರಿಯಲ್ಲಿ ಓಡಾಡಿದರು.

"ಎಲ್ಲೂ ತಿಕ್ಕಂಗಿಲ್ಲ ನೋಡು, ಆಗಲೇ ಒಣಗಾಕ ಹತ್ತೇದ!" ಎಂದರು. ಅಷ್ಟು ಖುಷಿಯಲ್ಲಿ ಅವರನ್ನು ನಾನು ಕಂಡಿರಲಿಲ್ಲ…

ಮರುದಿನ ಭಾನುವಾರ. ಬೆಳಗ್ಗೆ ಅದೇ ಚಡ್ಡಿ ಹಾಕಿಕೊಂಡು, ಸೈಕಲ್ ಹೊಡೆಯಲು ಹೊರಟವರು ನಮ್ಮ ಬಾಗಿಲಿಗೆ ಬಂದರು. ನಾನೇ ತಡೆದೆ.

"ವೈನಿ, ಸೊಸೈಟಿ ಮಂದಿ ನೋಡ್ತಾರ್ರಿ. ಮ್ಯಾಲೆ ನನ್ನ ಸಲ್ವಾರ ಹಾಕ್ಕೋರಿ. ಹೈವೇಕ್ಕ ಹೋದ ಮ್ಯಾಲೆ ತಗದ್ರಾತು."

"ಬ್ಯಾಡ ತಂಗಿ, ಕಾಲಿಗೆ ತೊಡರತದ."

"ಐದು ನಿಮಿಷದ ಮಾತು ರೀ."

ನನ್ನ ಮಾತು ಮೀರಲಾರದೆ ಹಾಕಿಕೊಂಡರು.

ಅವರ ಗೇರ್ ಸೈಕಲ್ಲಿಗೆ ಚೈನ್ ಕವರ್ ಇರಲಿಲ್ಲ. ಹೈವೇ ಮುಟ್ಟುವ ತಿರುವಿನಲ್ಲಿ ಸೈಕಲ್ ಗಕ್ಕನೆ ನಿಂತು ವೈನಿ ರಸ್ತೆಗೆ ಬಿದ್ದರು. ಹಿಂದಿದ್ದ ಟೆಂಪೋಕ್ಕೆ ನಿಲ್ಲಲಾಗಲಿಲ್ಲ. ವಾಚ್‌ಮನ್ ಕೂಗಿದ್ದು ಕೇಳಿ ನಾನು ಓಡಿಹೋದಾಗ ಸಲ್ವಾರದ ಕಾಲು ಇನ್ನೂ ಚೈನಿಗೆ ಸುತ್ತಿಕೊಂಡಿತ್ತು. ಆಸ್ಪತ್ರೆಯಲ್ಲಿ ಎರಡೇ ದಿನ ಉಳಿದರು, ಕಣ್ಣು ತೆರೆಯಲಿಲ್ಲ.

ಆಸ್ಪತ್ರೆಯವರು ಕತ್ತರಿಸಿ ತೆಗೆದ ಬಟ್ಟೆಗಳ ಗಂಟನ್ನು ಬಿಚ್ಚಿದ ಅತ್ತೆ, ಆ ಕರಿ ಚಡ್ಡಿಯನ್ನು ಎತ್ತಿ ಹಿಡಿದು, "ಈ ಚಡ್ಡಿ ಹುಚ್ಚು ನನ್ನ ಸೊಸಿನ್ನ ತಿಂತು" ಎಂದು ಎದೆ ಬಡಿದುಕೊಂಡರು. ಕೂತವರೆಲ್ಲ ತಲೆಯಾಡಿಸಿದರು. ಗ್ರೀಸು ಮೆತ್ತಿದ ನನ್ನ ಸಲ್ವಾರವೂ ಅದೇ ಗಂಟಿನಲ್ಲಿತ್ತು. ಅದು ಯಾರದೆಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ವೈನಿಯ ಮಗಳಿಗೆ ಆಗ ಒಂಬತ್ತು ವರ್ಷ. ಈಗ ಅವಳೇ ತಾಯಿ. ನನ್ನನ್ನು ಚಿಕ್ಕಮ್ಮನ ಲೆಕ್ಕದಲ್ಲಿ ಮಾವಶಿ ಅನ್ನುತ್ತಾಳೆ. ನಿನ್ನೆ ಫೋನ್ ಮಾಡಿದ್ದಳು. ಹೇಗೋ ಮಾತು ಅವ್ವನ ಕಡೆ ಹೊರಳಿತು.

"ಖರೇ ಹೇಳ್ರಿ ಮಾವಶಿ, ಅವ್ವಗ ನನಗಿಂತ ಆ ಹುಚ್ಚೇ ಹೆಚ್ಚಾಗಿತ್ತೇನು?"

ಇಲ್ಲವ್ವಾ, ನಾನು ಸುಮ್ಮನಿದ್ದಿದ್ದರೆ ನಿಮ್ಮವ್ವ ಅವತ್ತು ಮನೆಗೆ ಬರುತ್ತಿದ್ದಳು… ಎನ್ನಬೇಕಿತ್ತು.

"ಹೂಂ" ಎಂದೆ.