ಎರಡನೇ ಸೌಟು ಸಾಂಬಾರು

ಕುವೈತಿಗೆ ನುಗ್ಗಿ ನಮ್ಮೆದುರಿನ ಶಾಲೆಯಲ್ಲಿ ಬೀಡುಬಿಟ್ಟಿದ್ದ ಇರಾಕಿನ ಕಾಲಾಳುಗಳು ತಮ್ಮದು ಕ್ರಾಂತಿ ಎಂದು ಹೇಳಿಕೊಳ್ಳುತ್ತಿದ್ದರು. ನಾನು ಕಂಡ ಕ್ರಾಂತಿ ಇಷ್ಟೇ: ಹರಕು ಬೂಟು, ಖಾಲಿ ಹೊಟ್ಟೆ, ಹೊತ್ತು ಹೊತ್ತಿಗೆ ನಮ್ಮ ಹೋಟೆಲಿನ ಬಾಗಿಲು.

ಕುವೈತಿನ ಫರ್ವಾನಿಯಾದ ಆ ಹೋಟೆಲು ನನ್ನ ಕಫೀಲನದು, ನನಗೆ ವೀಸಾ ಕೊಟ್ಟ ಅರಬನದು. ಅಂದರೆ ಪರವಾನಗಿ ಅವನದು, ದುಡಿಮೆ ನನ್ನದು. ದಾಳಿಯಾದ ವಾರ ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸೌದಿಗೆ ಹೊರಡುವಾಗ ಕೀಲಿಕೈ ನನ್ನ ಕೈಗಿಟ್ಟು, "ನೀನು ನನ್ನ ಮಗನಿದ್ದ ಹಾಗೆ, ಹೋಟೆಲು ಉಳಿಸು" ಎಂದಿದ್ದ. ನಮ್ಮ ಸಪ್ಲೈಯರ್ ಊರಿಗೆ ಮರಳಲು ಮೊದಲ ಬಸ್ಸಿಗೇ ಜೋರ್ಡಾನಿನ ಅಮ್ಮಾನಿನ ದಾರಿ ಹಿಡಿದ. ನಾನು ಆ ಮಾತಿಗೆ ಕಟ್ಟುಬಿದ್ದು ಉಳಿದೆ. ಉಳ್ಳಾಲದ ಬ್ಯಾರಿ ಅಡುಗೆಯವನೂ ಜೊತೆಗೆ ಉಳಿದ.

ಮುಚ್ಚಿದ್ದ ಅಂಗಡಿಗಳನ್ನೆಲ್ಲ ಸೈನಿಕರು ಒಡೆದು ಬರಿದು ಮಾಡಿದರು. ತೆರೆದಿದ್ದ ನಮ್ಮಲ್ಲಿ ಊಟ ಕೇಳಿದರು. ಬಂದೂಕನ್ನು ಮೇಜಿಗೊರಗಿಸಿ ಕುಳಿತವರಿಗೆ ಅನ್ನ, ಈರುಳ್ಳಿ ಸಾಂಬಾರು ಬಡಿಸಿದೆವು. ತಟ್ಟೆಯಲ್ಲಿ ಸಾಂಬಾರು ಮುಗಿದದ್ದು ಕಂಡರೆ ಕೇಳದೆಯೇ ಇನ್ನೊಂದು ಸೌಟು ಹಾಕುವುದು ನಮ್ಮ ಕಡೆಯ ಹೋಟೆಲುಗಳ ರೂಢಿ. ನನ್ನ ಕೈ ತನ್ನಷ್ಟಕ್ಕೆ ಹಾಕುತ್ತಿತ್ತು. ನನ್ನಪ್ಪನ ವಯಸ್ಸಿನ ಸೈನಿಕನೊಬ್ಬ ತಲೆಯೆತ್ತದೆ ಉಣ್ಣುತ್ತಿದ್ದ.

"ಎಂಥ ಮರ್ಲು ಮಾರಾಯ್ರೆ ನಿಮ್ಗೆ? ಅವ್ರೇನು ನಿಮ್ಮ ಮದುವೆಗೆ ಬಂದವ್ರಾ?" ಎಂದು ಅಡುಗೆಯವನು ಗೊಣಗುತ್ತಿದ್ದ.

ಅಮೆರಿಕದವರ ಬಾಂಬು ಬೀಳತೊಡಗಿದ ಮೇಲೂ ಸೈನಿಕರು ಕೆಲವು ವಾರ ಇದ್ದರು. ಒಂದು ಬೆಳಿಗ್ಗೆ ನೋಡಿದರೆ ಶಾಲೆ ಖಾಲಿ. ಇರಾಕಿಗೆ ಹೋಗುವ ದಾರಿಯ ಜಹ್ರಾ ಕಡೆ ಓಡಿದರಂತೆ. ಅಲ್ಲಿಂದಾಚೆಯ ರಸ್ತೆಯಲ್ಲಿ ಸುಟ್ಟ ಲಾರಿಗಳ ಸಾಲು ಕಂಡ ಮೇಲೆ, ಆ ಮುದಿ ಸೈನಿಕನ ಗತಿ ಏನಾಯಿತೆಂದು ಯೋಚಿಸುವ ಧೈರ್ಯವಾಗಲಿಲ್ಲ.

ಕಫೀಲ ಹಿಂತಿರುಗಿದ. ಒಂದು ಗಾಜೂ ಒಡೆಯದ ಹೋಟೆಲನ್ನು ನೋಡಿ ನನ್ನನ್ನು ಅಪ್ಪಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಎಂಥ ಪೆದ್ದ ನಾನು! ಮಹಡಿಯ ಮನೆಯವರು ಕಿಟಕಿಯಿಂದ ಕಂಡದ್ದನ್ನೆಲ್ಲ ಅವನ ಕಿವಿಗೆ ಹಾಕಿಯಾಗಿತ್ತು.

"ಶತ್ರುಗಳಿಗೆ ಉಣಿಸಿದೆಯಂತೆ."

"ಅವರ ಕೈಯಲ್ಲಿ ಬಂದೂಕಿತ್ತು, ಬಾಬಾ."

"ಬಂದೂಕು ಕೇಳಿದ್ದು ಒಂದು ತಟ್ಟೆ ಊಟ. ಎರಡನೇ ಸಲ ಬಡಿಸು ಅಂತ ಯಾರು ಹೇಳಿದ್ದು?"

ಇದೇ ಮನುಷ್ಯನಿಗೆ ಎಷ್ಟು ಸಲ ಕೇಳದೆ ಬಡಿಸಿದ್ದೆ! ಆಗೆಲ್ಲ ಬೆನ್ನು ತಟ್ಟುತ್ತಿದ್ದ. ಈಗ "ಖಲಾಸ್" ಎಂದು ಕೈಚಾಚಿದ. ಕೀಲಿಕೈ ಕೊಟ್ಟೆ.

ನಾನು ಊರಿಗೆ ಬಂದ ಮೇಲೆ ಕಫೀಲ, ಮೊದಲ ಬಸ್ಸಿಗೆ ಓಡಿದ್ದ ಆ ಸಪ್ಲೈಯರನನ್ನು ಕರೆಸಿ ಅದೇ ಕೀಲಿಕೈ ಕೊಟ್ಟನಂತೆ. ಅವನ ಕೈಯಿಂದ ಯಾವ ಶತ್ರುವೂ ಉಂಡಿರಲಿಲ್ಲವಲ್ಲ.